ಹತ್ತು ಡ್ರಮ್ಮಿನ ಹೊಗೆಕೊಳವೆ

ಲೈಸೆನ್ಸ್ ಕಚೇರಿಯಲ್ಲಿ ಮೂವತ್ತೊಂದು ವರ್ಷ ಗುಮಾಸ್ತಿಕೆ ಮಾಡಿ ನಿವೃತ್ತರಾದ ಮೇಲೂ ಮದ್ದೂರಿನ ರಾಮಾನುಜಯ್ಯಂಗಾರರಿಗೆ ಕೈಕಾಲು ಸುಮ್ಮನಿರಲಿಲ್ಲ. ಬೇರೆಯವರಾಗಿದ್ದರೆ ಮುತ್ತತ್ತಿಗೋ ಮೇಲುಕೋಟೆಗೋ ಹೋಗಿಬಂದು ಒಂದಿಷ್ಟು ಪುಣ್ಯ ಕಟ್ಟಿಕೊಳ್ಳುತ್ತಿದ್ದರು. ಇವರು ಹೊಗೆಯ ಬೆನ್ನು ಹತ್ತಿದರು. ಎಪ್ಪತ್ತಾರನೆಯ ಇಸವಿ, ಎಮರ್ಜೆನ್ಸಿಯ ಕಾಲ. ಕಚೇರಿಗಳೆಲ್ಲ ಇದ್ದಕ್ಕಿದ್ದಂತೆ ಬಿಗಿಯಾಗಿ, ಪೇಟೆಯೊಳಗಿನ ಪುರಿ ಭಟ್ಟಿ, ಬೇಕರಿ, ಕಾಫಿ ಬೀಜ ಹುರಿಯುವ ಅಂಗಡಿಗಳಿಗೆ ನೋಟೀಸು ಹೊರಟಿದ್ದವು. ಹೊಗೆ ಅಕ್ಕಪಕ್ಕದ ಮನೆಗೆ ನುಗ್ಗಬಾರದು, ಮೂವತ್ತಡಿ ಎತ್ತರದ ಕೊಳವೆ ಇರಬೇಕು, ಇಲ್ಲದಿದ್ದರೆ ಲೈಸೆನ್ಸಿಲ್ಲ. ನೋಟೀಸು ಬಂದವರು ಅದನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡು ನೇರ ಅಯ್ಯಂಗಾರರ ಜಗಲಿಗೆ ಬರುತ್ತಿದ್ದರು.

ಅಯ್ಯಂಗಾರರು ನೋಟೀಸನ್ನು ಎರಡು ಸಲ ಓದಿ, ಅರ್ಥ ಬಿಡಿಸಿ ಹೇಳಿ, ಅರ್ಜಿ ಬರೆದುಕೊಡುತ್ತಿದ್ದರು. ಅಷ್ಟಕ್ಕೇ ಬಿಡುವ ಜನವಲ್ಲ. ಕೊಡೆ ಹಿಡಿದು ಬಸ್ಸು ಹತ್ತಿ ಮಂಡ್ಯದ ಬೇಕರಿಗೂ ಮಳವಳ್ಳಿಯ ಆಲೆಮನೆಗೂ ಹೋಗಿ ಒಲೆಯ ಬಾಯಿ ಅಳೆದು ಬರುತ್ತಿದ್ದರು. ಒಬ್ಬರಿಂದಲೂ ಏನನ್ನೂ ಮುಟ್ಟುತ್ತಿರಲಿಲ್ಲ.

“ನಮ್ಮನೆ ಒಲೆ ಹೊಗೆಗೆ ನನ್ನ ಕಣ್ಣೇ ಹೋಗ್ತಾ ಇದೆ. ಅದಕ್ಕೆ ಯಾರು ನೋಟೀಸು ಕೊಡ್ತಾರೋ! ಊರಿಗೆ ಉಪಕಾರಿ, ಮನೆಗೆ ಮಾರಿ,” ಎಂದು ಹೆಂಡತಿ ಪಂಕಜಮ್ಮ ಅಡಿಗೆಮನೆಯಿಂದಲೇ ಅನ್ನುತ್ತಿದ್ದರು. ಅದು ಅಯ್ಯಂಗಾರರ ಕಿವಿಗೆ ಬೀಳುತ್ತಿರಲಿಲ್ಲ. ಅನುಕೂಲಕ್ಕೆ ತಕ್ಕ ಕಿವುಡು.

ಅವರಲ್ಲಿ ಎರಡು ವಿದ್ಯೆಗಳಿದ್ದವು ಅನ್ನಬೇಕು. ಒಂದು ಹೊಗೆಯನ್ನು ನಿಜವಾಗಿ ಕಡಿಮೆ ಮಾಡುವ ವಿದ್ಯೆ. ಅದು ಈಚೆಗೆ ಕಲಿತದ್ದು, ಅದರಲ್ಲಿ ಅವರಿಗೆ ಎಳೆಮಕ್ಕಳ ಸಂತೋಷವಿತ್ತು. ಇನ್ನೊಂದು ಕಚೇರಿಯ ವಿದ್ಯೆ. ಅಧಿಕಾರಿಯ ಕಣ್ಣಿಗೆ ಏನೂ ಬೀಳದಿದ್ದರೆ ಅವನ ಪೆನ್ನಿಗೆ ಕೆಲಸವಿಲ್ಲ ಎಂಬುದು ಅದರ ಸಾರ. ಇದು ಮೂವತ್ತೊಂದು ವರ್ಷದಲ್ಲಿ ಮೈಗೆ ಹತ್ತಿದ್ದು.

ಸಣ್ಣತಾಯಮ್ಮ ಬಂದದ್ದು ಮಾಘದಲ್ಲಿ. ಗಂಡ ಸತ್ತ ಮೇಲೆ ಅವನ ಪುರಿ ಭಟ್ಟಿಯನ್ನು ಹದಿನಾಲ್ಕು ವರ್ಷದಿಂದ ಒಬ್ಬಳೇ ನಡೆಸಿಕೊಂಡು ಬಂದವಳು. ಉಪ್ಪುನೀರಲ್ಲಿ ನೆನೆದ ಅಕ್ಕಿಯನ್ನು ಭತ್ತದ ಹೊಟ್ಟಿನ ಉರಿಯಲ್ಲಿ ಕಾದ ಮರಳಿಗೆ ಸುರಿದು ಪುರಿ ಅರಳಿಸಿ, ಜರಡಿ ಹಿಡಿದು, ಚೀಲ ತುಂಬಿ ಸಂತೆಗೆ ಕಳಿಸುವುದು ಅವಳ ಬದುಕು. ಬೇರೆ ಕಸುಬು ಗೊತ್ತಿಲ್ಲ, ಬೇರೆ ಆಸರೆಯೂ ಇಲ್ಲ.

“ಒಟ್ಟು ಉರ್ಸಿದ್ರೆ ಒಗೆ ಬರ್ದೆ ಇನ್ನೇನ್ ಮಲ್ಗೆ ಉವ್ವಿನ್ ವಾಸ್ನೆ ಬತ್ತದಾ ಸ್ವಾಮಿ?” ಎಂದು ನೋಟೀಸನ್ನು ಅವರ ಮುಂದಿಟ್ಟಳು.

ಅಯ್ಯಂಗಾರರು ಓದಿದರು. ಅದರಲ್ಲಿ ಕೊನೆಯ ಸಾಲೊಂದಿತ್ತು. ಮಾರ್ಚ್ ತಿಂಗಳೊಳಗೆ ಹಳೆಯ ಲೈಸೆನ್ಸನ್ನು ನವೀಕರಿಸಿಕೊಳ್ಳಬೇಕು, ಪೇಟೆಯೊಳಗೆ ಹೊಗೆಯ ಕಸುಬಿಗೆ ಹೊಸ ಲೈಸೆನ್ಸನ್ನು ಇನ್ನು ಕೊಡುವುದಿಲ್ಲ. “ನೋಡಮ್ಮ, ಈ ಸಲ ತಪ್ಪಿದರೆ ಶಾಶ್ವತವಾಗಿ ತಪ್ಪಿದಂತೆ,” ಅಂದರು.

ಭಟ್ಟಿಯ ಗೋಡೆ ಮಣ್ಣಿನದು, ಇಟ್ಟಿಗೆಯ ಹೊಗೆಗೂಡನ್ನು ತಡೆಯುವುದಿಲ್ಲ. ಅಯ್ಯಂಗಾರರು ಎರಡು ದಿನ ಯೋಚಿಸಿ, ರಸ್ತೆ ಕೆಲಸದವರು ಎಸೆದಿದ್ದ ಡಾಂಬರು ಡ್ರಮ್ಮುಗಳನ್ನು ಹತ್ತು ಆರಿಸಿ ತರಿಸಿದರು. ವೆಲ್ಡಿಂಗ್ ಚಿಕ್ಕಬೋರಯ್ಯ ತಳ ಕತ್ತರಿಸಿ ಒಂದರ ಮೇಲೊಂದು ಬೆಸೆದ. ಬುಡದಲ್ಲಿ ನೀರಿನ ತೊಟ್ಟಿ ಕಟ್ಟಿಸಿ, ಹೊಗೆ ಅದರ ಮೇಲೆ ಸುತ್ತಿ ಬಂದು ಬೂದಿಯನ್ನು ಅಲ್ಲೇ ಬಿಟ್ಟು ಮೇಲೇರುವಂತೆ ಮಾಡಿದರು. ಸಣ್ಣತಾಯಮ್ಮ ತಾನೇ ಮಣ್ಣು ಕಲಸಿದಳು, ಕಲ್ಲು ಹೊತ್ತಳು.

ಒಲೆ ಹಚ್ಚಿದ ಮೊದಲ ಅರ್ಧ ಗಂಟೆ ಕೊಳವೆ ಕರ್ರಗೆ ಕಾರಿತು. ಆಮೇಲೆ ತಿಳಿಯಾಯಿತು. ಸಂಜೆಯವರೆಗೂ ಎದುರು ಮನೆಯವರು ಒಣಹಾಕಿದ್ದ ಬಿಳಿ ಪಂಚೆಯ ಮೇಲೆ ಒಂದು ಕರಿ ಚುಕ್ಕೆ ಬೀಳಲಿಲ್ಲ. ಅಯ್ಯಂಗಾರರು ಆ ಪಂಚೆಯನ್ನು ಹಿಡಿದು ಹಿಡಿದು ನೋಡಿದ್ದಕ್ಕೆ ಆ ಮನೆಯಾಕೆ ಬೈದಳು. ಅವರು ನಕ್ಕರು. ಅಷ್ಟು ಹಗುರಾಗಿ ಅವರು ನಕ್ಕದ್ದನ್ನು ಬೀದಿಯವರು ಕಂಡಿರಲಿಲ್ಲ.

ತನಿಖೆ ಮಂಗಳವಾರ ಹತ್ತೂವರೆಗೆ ಎಂದು ಗೊತ್ತಾಯಿತು. “ಮುಂಜಾನೇನೆ ಒಲೆ ಅಚ್ಬುಡ್ತೀನಿ ಸ್ವಾಮಿ, ಅವ್ರು ಬರೋ ಒತ್ಗೆ ಒಗೆ ತಿಳಿಯಾಗಿರ್ತದೆ,” ಅಂದಳು ಸಣ್ಣತಾಯಮ್ಮ.

ಇಂಥ ಸರಳವಾದ ಮಾತನ್ನು ಅಯ್ಯಂಗಾರರು ಒಪ್ಪಬಹುದಿತ್ತು. ಆದರೆ ಒಳಗಿದ್ದ ಗುಮಾಸ್ತ ಎದ್ದು ಕೂತ. ಹೊಟ್ಟು ಹಸಿಯಾಗಿದ್ದರೆ? ಗಾಳಿ ತಿರುಗಿದರೆ? ಅಧಿಕಾರಿ ಬಂದ ಗಳಿಗೆಯಲ್ಲೇ ಒಂದು ಸುರುಳಿ ಕಪ್ಪಗೆ ಎದ್ದರೆ? “ಬೇಡಮ್ಮ. ಅವರು ಬಂದು ಹೋಗೋವರೆಗೂ ಹಚ್ಚಲೇಬೇಡ. ಹೊಗೆ ಇಲ್ಲ ಅಂದರೆ ತಪ್ಪೂ ಇಲ್ಲ,” ಅಂದರು. ಅವಳು ತಲೆಯಾಡಿಸಿದಳು. ಓದಿದವರು ಹೇಳಿದ ಮೇಲೆ ಮುಗಿಯಿತಲ್ಲ.

ಇನ್ಸ್‌ಪೆಕ್ಟರ್ ವೆಂಕಟೇಶಮೂರ್ತಿ ಹೇಳಿದ ಹೊತ್ತಿಗೇ ಬಂದ. ಹುಡುಗು ವಯಸ್ಸು, ಕೆಲಸದಲ್ಲಿ ಚೊಕ್ಕ. ಕತ್ತೆತ್ತಿ ಕೊಳವೆ ನೋಡಿ, “ಚೆನ್ನಾಗಿದೆ,” ಅಂದ. ಒಲೆಯೊಳಗೆ ಕೈಯಿಟ್ಟ. ತಣ್ಣಗಿತ್ತು. ಏನೋ ಬರೆದುಕೊಂಡು ಐದು ನಿಮಿಷದಲ್ಲಿ ಹೊರಟುಹೋದ. “ಗೆದ್ದೆವು ಕಣಮ್ಮ!” ಎಂದರು ಅಯ್ಯಂಗಾರರು.

ಹತ್ತು ದಿನಕ್ಕೆ ಕಾಗದ ಬಂತು. ತನಿಖೆಯ ದಿನ ಭಟ್ಟಿಯಲ್ಲಿ ಬೆಂಕಿಯಾಗಲಿ ಕೆಲಸವಾಗಲಿ ಕಂಡುಬಂದಿಲ್ಲ. ಕಸುಬು ನಿಂತಿರುವುದರಿಂದ ಲೈಸೆನ್ಸನ್ನು ಪಟ್ಟಿಯಿಂದ ತೆಗೆಯಲಾಗಿದೆ. ಸಣ್ಣತಾಯಮ್ಮ ತಂದ ಅದನ್ನು ಅಯ್ಯಂಗಾರರು ಎರಡು ಸಲ ಓದಿದರು. ಅವಳಿಗೆ ಏನೂ ಹೇಳದೆ ಕೊಡೆಯನ್ನೂ ಮರೆತು ಕಚೇರಿಗೆ ಓಡಿದರು.

“ಬೆಂಕಿ ಇರಲಿಲ್ಲ ಅಂತ ಬರ್ದಿದ್ದೀನಿ. ಸುಳ್ಳಾ ಸ್ವಾಮಿ?” ಎಂದ ವೆಂಕಟೇಶಮೂರ್ತಿ.

“ಸುಳ್ಳಲ್ಲ. ನಾನೇ ಹಚ್ಚಬೇಡ ಅಂದಿದ್ದೆ.”

“ಯಾಕೆ?”

ಅಯ್ಯಂಗಾರರು ಮೇಜಿನ ಮೇಲಿದ್ದ ಕಾಗದದ ಕಟ್ಟನ್ನು ನೇರ ಮಾಡಿಟ್ಟರು.

“ಹೊಗೆ ನನಗೆ ಕಾಣಬಾರದು ಅಂತ ತಾನೆ? ಹಾಗೇ ಬರೀಲಾ? ಬರೆದರೆ ಆಕೆಗೆ ದಂಡಾನೂ ಬೀಳುತ್ತೆ.”

“ಇನ್ನೊಂದು ಸಲ ಬಂದು ನೋಡಪ್ಪ. ಉರಿಯೋವಾಗ ನೋಡು. ನಿಜವಾಗಿಯೂ ಹೊಗೆಯಿಲ್ಲ. ನನ್ನಾಣೆ.”

ಹುಡುಗನ ದನಿ ಮೆತ್ತಗಾಯಿತು. “ವರದಿ ಮೇಲಕ್ಕೆ ಹೋಗಿದೆ. ಇಲ್ಲೇ ಕೂತಿದ್ದವರು ನೀವು. ಮೇಲಕ್ಕೆ ಹೋದ ಕಾಗದ ತಿದ್ದಿಕೊಂಡು ಕೆಳಗೆ ಬಂದದ್ದನ್ನು ಒಂದು ಸಲವಾದರೂ ನೋಡಿದ್ದೀರಾ?”

ನೋಡಿರಲಿಲ್ಲ. ಅಂಥ ಕಾಗದಗಳನ್ನು ಕಟ್ಟಿ ಮೇಲಕ್ಕೆ ಕಳಿಸುತ್ತಿದ್ದವರೇ ಅವರು.

ಭಟ್ಟಿಗೆ ಬಂದಾಗ ಮಧ್ಯಾಹ್ನ. ಸಣ್ಣತಾಯಮ್ಮ ಮರಳಿಗೆ ಅಕ್ಕಿ ಸುರಿಯುತ್ತಿದ್ದಳು, ಪುರಿ ಚಟಪಟ ಅರಳುತ್ತಿತ್ತು. ಅಯ್ಯಂಗಾರರು ಬಾಗಿಲಲ್ಲೇ ನಿಂತು ತಲೆಯೆತ್ತಿದರು. ಹತ್ತು ಡ್ರಮ್ಮಿನ ತುದಿಯಲ್ಲಿ ಬಿಸಿಲು ಅಲುಗಿದಂತೆ ಕಂಡಿತೇ ಹೊರತು ಹೊಗೆಯೆಂಬುದಿರಲಿಲ್ಲ. ಅಷ್ಟು ಒಳ್ಳೆಯ ಕೆಲಸವನ್ನು ಅವರು ಜನ್ಮದಲ್ಲಿ ಮಾಡಿರಲಿಲ್ಲ. ಅವರಿಗೆ ಅಳು ಬಂತು.

ಎಲ್ಲವನ್ನೂ ಹೇಳಿದರು, ಮುಚ್ಚಿಡಲಿಲ್ಲ. ಸಣ್ಣತಾಯಮ್ಮ ಜರಡಿ ಕೆಳಗಿಟ್ಟು ಕೇಳಿದಳು. ಕೂಗಾಡಲಿಲ್ಲ, ಶಾಪ ಹಾಕಲಿಲ್ಲ. ಹಾಕಿದ್ದರೆ ಅವರಿಗೆ ಸ್ವಲ್ಪ ನೆಮ್ಮದಿಯಾದರೂ ಆಗುತ್ತಿತ್ತೇನೋ.

“ಮಣ್ಣು ಕಲ್ಸ್ದೋಳು ನಾನು, ಓದ್ದೋಳಲ್ಲ. ನಂಗೆ ನಂಬ್ಕೆ ಇತ್ತು,” ಅಂದಳು. “ಕಟ್ಸುದ್ದು ನೀವು. ನೀವೇ ನಂಬ್ನಿಲ್ವಲ್ಲ ಸ್ವಾಮಿ.”

ಆಮೇಲೆ ಬಿಂದಿಗೆ ಎತ್ತಿ, ಉರಿಯುತ್ತಿದ್ದ ಒಲೆಗೆ ನೀರು ಸುರಿದಳು.