ಮೂರು ರಾತ್ರಿಯ ಧರ್ಮಶಾಲೆ

ಟ್ರಂಕು ಎಲ್ಲಿದೆಯೋ ಅದೇ ಮನೆ ಎಂದುಕೊಂಡಿದ್ದ ಕಾಲ ಅದು. ನನಗೆ ಒಂಬತ್ತು, ತಮ್ಮನಿಗೆ ಆರು. ಅಪ್ಪನಿಗೆ ಹುಬ್ಬಳ್ಳಿಯಲ್ಲಿ ಮಾಸ್ತರಿಕೆ ಸಿಕ್ಕಿತ್ತು, ಬಾಡಿಗೆ ಮನೆ ಸಿಕ್ಕಿರಲಿಲ್ಲ. ಹಾಗಾಗಿ ಆ ಮಳೆಗಾಲವಿಡೀ ಕಮರಿಪೇಟೆ ಹತ್ತಿರದ ಕಲ್ಲಿನ ಧರ್ಮಶಾಲೆಯಲ್ಲಿ ಇದ್ದೆವು. ಇದ್ದೆವು ಅನ್ನುವುದೂ ತಪ್ಪೇ. ಅಲ್ಲಿ ಯಾರೂ ಮೂರು ರಾತ್ರಿಗಿಂತ ಹೆಚ್ಚು ಇರುವಂತಿರಲಿಲ್ಲ.

ಪ್ರತಿ ಸಲವೂ ನಾಲ್ಕನೇ ಮುಂಜಾನೆ ಅವ್ವ ಹಾಸಿಗೆ ಸುತ್ತುತ್ತಿದ್ದಳು. ಸೀಮೆಎಣ್ಣೆ ವಾಸನೆ ಹತ್ತಿದ ಗಂಟು, ರೊಟ್ಟಿಯ ಬುಟ್ಟಿ, ಟ್ರಂಕು ಎಲ್ಲ ಹೊರಗೆ. ನಮ್ಮ ಶಾಲೆ ಬಿಡುವವರೆಗೆ ಅವನ್ನು ಕಾಯುತ್ತ ಎದುರಿನ ಬೇವಿನ ಮರದ ಬುಡದಲ್ಲಿ ಕೂರುತ್ತಿದ್ದಳು. ಮಳೆ ಬಂದರೆ ಹಿಟ್ಟಿನ ಗಿರಣಿಯ ತಗಡಿನ ಕೆಳಗೆ. ಸಂಜೆ ಅಪ್ಪ ಗಿರಮಿಟ್ ಕಟ್ಟಿಸಿಕೊಂಡು ಬರುತ್ತಿದ್ದ. ತಿಂದು, ಕೈ ಒರೆಸಿಕೊಂಡು, ನಾಲ್ವರೂ ಆಗಷ್ಟೇ ಊರಿಗೆ ಬಂದಿಳಿದವರ ಹಾಗೆ ಅದೇ ಬಾಗಿಲಿಗೆ ಹೋಗಿ ನಿಲ್ಲುತ್ತಿದ್ದೆವು.

ಬಾಗಿಲಲ್ಲಿ ಗಂಗವ್ವ ಆಯಿ. ಧರ್ಮಶಾಲೆಯ ಕೀಲಿಕೈ ಅವಳ ಸೊಂಟದಲ್ಲಿ. ಮುಂಜಾನೆ ಚಹಾ ಕೊಟ್ಟು ಕಳಿಸಿದವಳೇ ಸಂಜೆ ಗುರುತೇ ಇಲ್ಲದವಳಂತೆ ಕೇಳುತ್ತಿದ್ದಳು: “ಯಾವ ಊರಿಂದ ಬಂದ್ರಿ?”

“ವಿಜಾಪುರ ರಿ,” ಅನ್ನುತ್ತಿದ್ದೆ ನಾನು. ಊರು ಆರಿಸುವುದು ನಾನೂ ತಮ್ಮನೂ ಸರದಿಯ ಮೇಲೆ ಆಡುತ್ತಿದ್ದ ಆಟ. ತನ್ನ ಸರದಿಯಲ್ಲಿ ಅವನು ಒಮ್ಮೆ “ಲಂಡನ್” ಅಂದುಬಿಟ್ಟ. ಆಯಿ ನಗಲೇ ಇಲ್ಲ. “ಭಾಳ ದೂರ ಆತು. ಕಾಲ್ ತೊಳ್ಕೊಂಡ್ ಬಾ,” ಅಂದಳು.

ಆ ಧರ್ಮಶಾಲೆಯನ್ನು ಹಿಂದೆ ಯಾರೋ ಹತ್ತಿ ವ್ಯಾಪಾರಿ ಕಟ್ಟಿಸಿದ್ದಂತೆ. ಎತ್ತು ಕಟ್ಟುವ ಕಬ್ಬಿಣದ ಬಳೆಗಳು ಕರಿಗಲ್ಲಿನ ಕಂಬಗಳಲ್ಲಿ ಇನ್ನೂ ಇದ್ದವು, ನಾವು ಅವಕ್ಕೆ ಜೋತುಬೀಳುತ್ತಿದ್ದೆವು. ಬಡವನಿದ್ದಾಗ ಹತ್ತಿ ಮಾರಲು ಬಂದು, ಮಳೆಯಲ್ಲಿ ಕಟ್ಟೆಯಿಂದ ಕಟ್ಟೆಗೆ ಅಟ್ಟಿಸಿಕೊಂಡವನಂತೆ ಅವನು. ಕೈಯಲ್ಲಿ ನಾಲ್ಕು ಕಾಸು ಕೂಡಿದ ಮೇಲೆ ಇದನ್ನು ಕಟ್ಟಿಸಿ ಎರಡೇ ಕಟ್ಟಳೆ ಮಾಡಿದ. ಮೂರು ರಾತ್ರಿ ಇರಲಿ. ಊರು ಬಿಟ್ಟು ಬೇರೆ ಏನೂ ಕೇಳಬೇಡಿ.

“ಊರರ ಯಾಕ ಕೇಳಬೇಕು ಆಯಿ?” ಅಂತ ಕೇಳಿದ್ದೆ.

“ಜಡ್ಡಿಗೆ ಬಿದ್ರ ಸುದ್ದಿ ಮುಟ್ಟಿಸಬೇಕಲ್ಲವಾ. ಮತ್ಯಾಕ?”

ಅಪ್ಪನಿಗೆ ಮಾತ್ರ ಈ ಆಟ ಸಾಕುಬೇಕಾಗಿತ್ತು. ದಸರಾ ಸೂಟಿಯೊಳಗೆ ಮನೆ ಸಿಗದಿದ್ದರೆ ನಾವು ಅವ್ವನ ಜೊತೆ ಹಳ್ಳಿಗೆ ವಾಪಸ್ಸು, ಶಾಲೆ ಬಂದ್ ಎಂದು ತೀರ್ಮಾನವಾಗಿತ್ತು. ಮಲಗಿದರೆ ಎದುರಿಗೆ ಟ್ರಂಕು ಕಾಣುತ್ತಿತ್ತು. ಅದನ್ನು ನೋಡಿದರೆ ಸಾಕು, ನನ್ನ ನಿದ್ದೆ ಹಾರಿಹೋಗುತ್ತಿತ್ತು.

ಒಂದು ಭಾನುವಾರ ಕೇಶ್ವಾಪುರದಲ್ಲಿ ಮನೆ ನೋಡಲು ಎಲ್ಲರೂ ಹೋದೆವು. ಎರಡು ಖೋಲಿ, ಹಿತ್ತಲಲ್ಲಿ ನಳ, ಪಕ್ಕದಲ್ಲೊಂದು ಕರಿಬೇವಿನ ಗಿಡ. ಅವ್ವ ಆಗಲೇ ಸ್ಟೋವು ಎಲ್ಲಿಡುವುದೆಂದು ನೋಡುತ್ತಿದ್ದಳು.

“ಮಾಸ್ತರ ಅಂದ್ರ ನಮಗೂ ಛಲೋ ಆತು ಬಿಡ್ರಿ,” ಅಂದರು ಮಾಲೀಕರು. “ಯಾವ ಊರು?”

ಅಪ್ಪ ಊರು ಹೇಳಿದ.

“ಗೊತ್ತೈತಿ, ಗೊತ್ತೈತಿ. ಅಲ್ಲಿ ಯಾವ ಓಣಿ?”

ಅಪ್ಪ ನಮ್ಮ ಕೇರಿಯ ಹೆಸರು ಹೇಳಿದ. ಅದು ಊರ ಹೊರಗಿನ ಕೇರಿ, ಅದರ ಹೆಸರು ಹೇಳಿದರೆ ಜಾತಿ ಹೇಳಿದಂತೆಯೇ. ಮಾಲೀಕರಿಗೆ ತಟ್ಟನೆ ಅಳಿಯನ ನೆನಪಾಯಿತು. ಅವನು ಬರುವವನಿದ್ದಾನಂತೆ, ಮನೆ ಅವನಿಗೇ ಬೇಕಂತೆ. ಆ ಅಳಿಯ ಇನ್ನೂ ಬಂದಿರಲಿಕ್ಕಿಲ್ಲ.

ದಾರಿಯಲ್ಲಿ ಅವ್ವ ಸಿಡುಕಿದಳು. “ಬ್ಯಾರೆ ಓಣಿ ಹೇಳಿದ್ರ ನಿಮ್ಮ ಗಂಟೇನ್ ಹೋಗತಿತ್ತು? ಆಯಿ ಮುಂದ ವಿಜಾಪುರ, ಬಾಗಲಕೋಟಿ ಅಂತ ಹೇಳಂಗಿಲ್ಲೇನು?”

“ಅದು ಆಟ. ಇಲ್ಲಿ ಸುಳ್ಳ ಹೇಳಿದ್ರ ಅದ್ರಾಗ ಸಂಸಾರ ಮಾಡಬೇಕಾಗತೈತಿ,” ಅಂದ ಅಪ್ಪ.

ಮುಂದಿನ ಸಲ ಬಾಗಿಲಲ್ಲಿ ನಿಂತಾಗ ಸರದಿ ನನ್ನದು. “ಯಾವ ಊರಿಂದ ಬಂದ್ರಿ?” ಅಂದಳು ಆಯಿ. ನಾನು ನಮ್ಮ ಖರೇ ಊರನ್ನೇ ಹೇಳಿದೆ. ಅಷ್ಟಕ್ಕೆ ನಿಲ್ಲಿಸದೆ, ಹಟಕ್ಕೆ ಬಿದ್ದು, ಕೇರಿಯ ಹೆಸರನ್ನೂ ಜೋರಾಗಿ ಹೇಳಿದೆ. ಅಪ್ಪನ ಕೈ ನನ್ನ ಭುಜದ ಮೇಲೆ ಬಿಗಿಯಾಯಿತು.

“ಓಣಿ ಯಾರ್ ಕೇಳಿದ್ರವಾ?” ಅಂದಳು ಆಯಿ. “ಒಳಗ ನಡಿ, ಚಹಾ ಆರಾಕತ್ತೈತಿ.”

ನನಗೆ ಅಳು ಬಂತು. ಸಿಟ್ಟೂ ಬಂತು, ಕೇಶ್ವಾಪುರದ ಆ ಕರಿಬೇವಿನ ಗಿಡದ ಮೇಲೂ.

ದಸರಾಕ್ಕೆ ಮೊದಲೇ ಬೆಂಗೇರಿ ಕಡೆ ಅಪ್ಪನಿಗೆ ಸರಕಾರಿ ಕ್ವಾರ್ಟರ್ಸ್ ಸಿಕ್ಕಿತು. ನಮ್ಮ ಶಾಲೆ ಉಳಿಯಿತು. ಹೊಸ ಮನೆಯಲ್ಲಿ ನಾಲ್ಕನೇ ಮುಂಜಾನೆ ಎದ್ದು ನೋಡಿದರೆ ಅವ್ವ ಹಾಸಿಗೆ ಸುತ್ತಿ, ಗಂಟು ಕಟ್ಟಿ, ಬಾಗಿಲಿಗೆ ತಂದಿಟ್ಟಿದ್ದಾಳೆ. ಅಪ್ಪ ನೋಡುತ್ತ ನಿಂತಿದ್ದ. “ರೂಢಿ ಆಗೇತಿ ನೋಡ್ರಿ,” ಅಂದು ಅವಳು ಗಂಟು ಬಿಚ್ಚತೊಡಗಿದಳು. ಆದರೆ ಟ್ರಂಕು ಬಹಳ ವರ್ಷ ಬಾಗಿಲ ಪಕ್ಕದಲ್ಲೇ ಇತ್ತು. ಒಂದೇ ಕಡೆ ನೆಮ್ಮದಿಯಾಗಿ ಕೂರುವುದು ನನಗೂ ಇಂದಿಗೂ ಬಂದಿಲ್ಲ.

ಆಯಿ ಹೋದಳು. ಧರ್ಮಶಾಲೆಯೂ ಹೋಯಿತು, ಅಲ್ಲೊಂದು ಲಾಡ್ಜು ಎದ್ದಿದೆ. ಮಗಳ ಮದುವೆಗೆ ಬರುವ ಬೀಗರಿಗೆ ಖೋಲಿ ಹಿಡಿಯಲು ಮೊನ್ನೆ ಅಲ್ಲಿಗೇ ಹೋಗಿದ್ದೆ. ಕಂಬಗಳಿದ್ದ ಜಾಗದಲ್ಲಿ ಕನ್ನಡಿ ಹಾಕಿದ್ದಾರೆ. ಕೌಂಟರಿನವನು ನನ್ನ ಆಧಾರ್ ಕಾರ್ಡು ಇಸಿದುಕೊಂಡ. ಮನೆ ನಂಬರು, ಓಣಿ, ಎಲ್ಲ ಅದರಲ್ಲೇ ಇದೆ. ಮೊಬೈಲಿನಲ್ಲಿ ಅದರ ಫೋಟೊ ಹೊಡೆದುಕೊಂಡು, ಮುಖ ಎತ್ತದೆ ರಸೀದಿ ಕೊಟ್ಟ.

ನಾನು ನಿಂತೇ ಇದ್ದೆ.

“ಮತ್ತೇನರ ಬೇಕಿತ್ತೇನ್ರಿ?” ಅಂದ.

“ಏನಿಲ್ಲಪಾ,” ಅಂದೆ. ವಿಜಾಪುರ ಎಂಬುದು ನಾಲಗೆ ತುದಿಗೆ ಬಂದು ಕೂತಿತ್ತು. ಅವನು ಊರು ಕೇಳಲೇ ಇಲ್ಲ.