ಕೈಗವಸಿನ ಊರಿನ ಮೇಲೆ ನಾನು ಬರೆದ ಪ್ರಬಂಧ

ಜಪಾನಿನ ಒಂದು ಪುಟ್ಟ ನಗರದ ವಿವರವೆಲ್ಲ ನನಗೆ ಬಾಯಿಪಾಠ. ಆ ಊರನ್ನು ನಾನು ಕಂಡವನಲ್ಲ, ಇನ್ನು ಅಲ್ಲಿಗೆ ಹೋಗಿ ತೋರಿಸುವ ಮುಖವೂ ನನಗಿಲ್ಲ. ಉತ್ತರಕ್ಕೆ ಅಲೆಯಬ್ಬರವಿಲ್ಲದ ಒಳಸಮುದ್ರ, ದಕ್ಷಿಣಕ್ಕೆ ಕಾಡು ತುಂಬಿದ ಬೆಟ್ಟಸಾಲು, ಎರಡರ ನಡುವೆ ಉಡಿದಾರದ ಹಾಗೆ ಸಣ್ಣ ಬಯಲು. ಮಳೆ ಕಡಿಮೆ, ಹಾಗಾಗಿ ಕೆರೆಗಳು ಹೆಚ್ಚು. ಹಿಂದೆ ದಂಡೆಯುದ್ದಕ್ಕೂ ಉಪ್ಪು ಬೆಳೆಯುತ್ತಿದ್ದರು. ಉಪ್ಪಿನ ಕಾಲ ಮುಗಿದ ಮೇಲೆ ಊರವರು ಕೈಗವಸು ಹೊಲಿಯಲು ಕಲಿತರು. ಚಳಿಗೆ ಹಾಕಿಕೊಳ್ಳುವವು, ಆಟಗಾರರವು, ಮದುವಣಗಿತ್ತಿಯರವು, ಹೀಗೆ ಎಲ್ಲವೂ ಅಲ್ಲೇ ತಯಾರಾಗಿ ಎಲ್ಲೆಲ್ಲಿಗೋ ಹೋದವು. ಈಗ ಕೆಲಸದ ಬಹುಪಾಲು ಬೇರೆ ದೇಶಗಳಿಗೆ ಹೋಗಿದೆ, ಹರೆಯದವರು ದೊಡ್ಡ ಊರುಗಳಿಗೆ ಹೋಗಿದ್ದಾರೆ, ಶಾಲೆಗಳು ಒಂದೊಂದಾಗಿ ಬಾಗಿಲು ಹಾಕುತ್ತಿವೆ. ಇಷ್ಟನ್ನೂ ನಾನು ನಾವು ಬಂದು ನೆಲೆಸಿದ ಪರದೇಶದಲ್ಲಿ, ಟೂಂಗಾಬಿಯ ನಮ್ಮ ಮನೆಯ ಊಟದ ಮೇಜಿನ ಮುಂದೆ ಕೂತು ಒಂದು ಭಾನುವಾರದ ಮಧ್ಯಾಹ್ನ ಕಲಿತು, ಅದೇ ಮಧ್ಯಾಹ್ನ ಬರೆದು ಮುಗಿಸಿದೆ.

ಬರೆಯಬೇಕಾಗಿದ್ದವಳು ನನ್ನ ಮಗಳು. ಅವಳಾಗ ಒಂಬತ್ತನೇ ಕ್ಲಾಸು, ಶಾಲೆಯಲ್ಲಿ ಜಪಾನಿ ಭಾಷೆ ತೆಗೆದುಕೊಂಡಿದ್ದಳು. ಟೀಚರ್ ಮೂಲಕ ಆ ಊರಿನಲ್ಲಿ ಅವಳಿಗೆ ತನ್ನ ವಯಸ್ಸಿನ ಗೆಳತಿಯೊಬ್ಬಳು ಸಿಕ್ಕಿದ್ದಳು. ವಾರಕ್ಕೊಮ್ಮೆ ವಿಡಿಯೋದಲ್ಲಿ ಇಬ್ಬರೂ ಹರಟುತ್ತಿದ್ದರು. ಗೆಳತಿಯ ಹಿಂದೆ ಅವಳ ಅಜ್ಜಿ ಹೊಲಿಗೆ ಯಂತ್ರದ ಮುಂದೆ ಕೂತು ಇನ್ನೂ ಕೈಗವಸು ಹೊಲಿಯುವುದು ಕಾಣುತ್ತಿತ್ತು. ಪ್ರತಿ ವರ್ಷ ಇಲ್ಲಿಂದ ಕೆಲವು ಮಕ್ಕಳನ್ನು ಆರಿಸಿ ಎರಡು ವಾರ ಆ ಊರಿನ ಮನೆಗಳಲ್ಲಿ ಇರಲು ಕಳಿಸುತ್ತಾರೆ. ಆಯ್ಕೆ ನಡೆಯುವುದು ಮೆಲ್ಬೋರ್ನಿನಲ್ಲಿ. ಊರಿನ ಭೂಗೋಳ, ಇತಿಹಾಸ, ಆರ್ಥಿಕ ಸ್ಥಿತಿಯ ಬಗ್ಗೆ ಐದು ನಿಮಿಷ ಮಾತಾಡಬೇಕು. ಆಯ್ಕೆಯಾದರೆ ಮಗಳು ಇರಬೇಕಾದದ್ದು ಆ ಗೆಳತಿಯ ಮನೆಯಲ್ಲೇ. ಒಂದು ವರ್ಷದಿಂದ ಅವಳು ಅದೊಂದನ್ನೇ ಬಯಸಿದ್ದಳು.

ಅವಳು ಬರೆದದ್ದು ಎರಡು ಹಾಳೆ. ಹೆಡ್ಡಿಂಗ್ ಇಲ್ಲ, ಪಾಯಿಂಟ್ ಇಲ್ಲ. ಅಜ್ಜಿ ಕಿಟಕಿಯಿಂದ ಕೈ ಮಾಡಿ ಉಪ್ಪಿನ ಗದ್ದೆಗಳು ಎಲ್ಲಿದ್ದವೆಂದು ತೋರಿಸಿದ್ದು. ಕೈಗವಸಿನಲ್ಲಿ ಬೆರಳು ಬೆರಳಿನ ನಡುವೆ ಒಂದು ಸಣ್ಣ ಪಟ್ಟಿ ಇರುತ್ತದೆಂದು, ಅದು ಸರಿಯಾಗಿ ಕೂರದಿದ್ದರೆ ಮುಷ್ಟಿ ಕಟ್ಟಲು ಬರುವುದಿಲ್ಲವೆಂದು ಹೇಳಿದ್ದು. ಅಜ್ಜಿ ಯಾರನ್ನು ಕಂಡರೂ ಮೊದಲು ಕೈ ನೋಡಿ ಆಮೇಲೆ ಮುಖ ನೋಡುವುದು. ಓದಿ ನನಗೆ ನಗು ಬಂತು.

"ಇದ್ರಾಗ ಇಕಾನಮಿ ಎಲ್ಲೈತವಾ?" ಎಂದು ಕೇಳಿದೆ.

"ಅದೇ ಇಕಾನಮಿ ಅಪ್ಪಾ," ಎಂದಳು. ಅವಳು ನನಗೆ ಉತ್ತರ ಕೊಡುವುದು ಇಂಗ್ಲಿಷಿನಲ್ಲಿ. ಇಲ್ಲಿ ಕನ್ನಡ ಮಾಡಿ ಬರೆಯುತ್ತಿದ್ದೇನೆ.

ನಾನು ಪರೀಕ್ಷೆ ಬರೆದು ಬರೆದೇ ಮೇಲೆ ಬಂದವನು. ಹುಬ್ಬಳ್ಳಿಯ ಕಾಲೇಜಿನಲ್ಲಿ ನನ್ನ ಉತ್ತರಪತ್ರಿಕೆಯನ್ನು ಸರ್ ಎತ್ತಿ ಹಿಡಿದು ಇಡೀ ಕ್ಲಾಸಿಗೆ ತೋರಿಸಿದ್ದರು. ಎಡಕ್ಕೆ ಮಾರ್ಜಿನ್, ಹೆಡ್ಡಿಂಗಿನ ಕೆಳಗೆ ಸ್ಕೇಲಿಟ್ಟು ಎಳೆದ ಗೆರೆ, ಮೊದಲಿಗೆ ಪೀಠಿಕೆ, ಕೊನೆಗೆ ಉಪಸಂಹಾರ. ವಿಷಯ ಗೊತ್ತಿರದಿದ್ದರೂ ಗೊತ್ತಿರುವ ಹಾಗೆ ಬರೆಯುವ ಕಲೆ ನಮ್ಮ ಓಣಿಯ ಹುಡುಗರಿಗೆಲ್ಲ ಒಲಿದಿತ್ತು. ಅದನ್ನೇ ಹೊಟ್ಟೆಪಾಡು ಮಾಡಿಕೊಂಡು ಇಂದು ಇಲ್ಲೇ ಹತ್ತಿರದ ನಾರ್ವೆಸ್ಟಿನ ಆಫೀಸಿನಲ್ಲಿ ರಿಪೋರ್ಟು ಬರೆಯುತ್ತಿದ್ದೇನೆ. ಇಂಥ ಅಪ್ಪನ ಮಗಳು ಅಜ್ಜಿಯ ಕಥೆ ಹೇಳಿಕೊಂಡು ಮೆಲ್ಬೋರ್ನಿಗೆ ಹೋಗುವುದೆಂದರೇನು?

"ಆಕಿ ಬರದದ್ದ ಚೊಲೊ ಐತಲ್ರೀ. ಸುಮ್ನ ಬಿಡ್ರಿ," ಎಂದಳು ಹೆಂಡತಿ.

ನಾನು ಬಿಡಲಿಲ್ಲ. ಲ್ಯಾಪ್‌ಟಾಪ್ ತೆರೆದು ಕೂತೆ. ಅಲ್ಲಿಂದಿಷ್ಟು ಇಲ್ಲಿಂದಿಷ್ಟು ಹೆಕ್ಕಿ ಐದು ಹೆಡ್ಡಿಂಗ್ ಕಟ್ಟಿದೆ. ಉಪಸಂಹಾರಕ್ಕೆ ಗಟ್ಟಿಯಾದದ್ದೇನಾದರೂ ಬೇಕಿತ್ತು. "ಇದು ಸಾಯುತ್ತಿರುವ ನಗರ. ಇದಕ್ಕೆ ಭವಿಷ್ಯವಿಲ್ಲ," ಎಂದು ಬರೆದೆ. ಆ ವಾಕ್ಯದ ಮೇಲೆ ನನಗೇ ಮೋಹ ಹುಟ್ಟಿತು. ಎದ್ದು ಹೋಗಿ ಚಹಾ ಮಾಡಿಕೊಂಡು ಕುಡಿದೆ.

ಮೆಲ್ಬೋರ್ನಿಗೆ ಕಾರಿನಲ್ಲೇ ಹೋದೆವು, ನಾನು ಮತ್ತು ಅವಳು. ದಾರಿಯುದ್ದಕ್ಕೂ ಅವಳಿಂದ ಪಾಠ ಒಪ್ಪಿಸಿಕೊಂಡೆ. ಗೌಲ್ಬರ್ನ್ ದಾಟಿದ ಮೇಲೆ ಅವಳು ಮೆಲ್ಲಗೆ ಕೇಳಿದಳು: "ಅಜ್ಜಿ ಬಗ್ಗೆ ಒಂದೇ ಒಂದು ಲೈನ್ ಸೇರಿಸಲಾ?"

"ಬ್ಯಾಡವಾ. ಜಡ್ಜಸ್‌ಗೆ ಮಂದಿ ಮನಿ ಸುದ್ದಿ ಯಾಕ ಬೇಕು? ಪಾಯಿಂಟ್ ಬಿಟ್ಟು ಆಕಡೆ ಈಕಡೆ ಹೋಗಬ್ಯಾಡ."

ಮತ್ತೆ ಮೊದಲಿನಿಂದ ಹೇಳು ಎಂದೆ, ಹೇಳಿದಳು.

ಮರುದಿನ ಬೆಳಿಗ್ಗೆ ಸಭಾಂಗಣದಲ್ಲಿ ನಾನು ಮುಂದಿನ ಸಾಲಿನಲ್ಲೇ ಜಾಗ ಹಿಡಿದೆ. ಗೋಡೆಯ ಮೇಲೆ ದೊಡ್ಡ ಪರದೆ. ಅದರಲ್ಲಿ ಆ ಊರಿನ ಮನೆಯವರು, ಮಕ್ಕಳನ್ನು ಇಟ್ಟುಕೊಳ್ಳಲು ಒಪ್ಪಿದವರು, ಒಂದು ಕೋಣೆಯಲ್ಲಿ ಸಾಲಾಗಿ ಕೂತು ನೋಡುತ್ತಿದ್ದರು. ಅವರಿಗೂ ನಾವು ಕಾಣಲೆಂದು ಒಂದು ಕ್ಯಾಮೆರಾ ಮಾತಾಡುವವರ ಕಡೆ, ಇನ್ನೊಂದು ನಮ್ಮ ಕಡೆ. ಅವರು ನೋಡುತ್ತಿರುತ್ತಾರೆಂದು ನನಗೆ ಗೊತ್ತಿರಲಿಲ್ಲ. ಮಗಳ ಗೆಳತಿ ಪರದೆಯಿಂದ ಕೈ ಬೀಸಿದಳು. ಪಕ್ಕದಲ್ಲಿ ಅಜ್ಜಿ, ಬೂದು ಬಣ್ಣದ ಒಳ್ಳೆಯ ಉಡುಪು ಹಾಕಿಕೊಂಡು ಬಂದಿದ್ದರು.

ಮಗಳು ಎಲ್ಲಿಯೂ ತಡವರಿಸಲಿಲ್ಲ. ಅವಳ ಒಂದೊಂದು ವಾಕ್ಯವನ್ನೂ ದುಭಾಷಿ ಹೆಂಗಸು ಜಪಾನಿಯಲ್ಲಿ ಹೇಳುತ್ತ ಬಂದರು. ಕೊನೆಯ ವಾಕ್ಯಕ್ಕೆ ಬಂದಾಗ ಮಾತ್ರ ಆಕೆ ನಿಂತುಬಿಟ್ಟರು. ಕೈಯಲ್ಲಿದ್ದ ಕಾಗದವನ್ನು ಇನ್ನೊಮ್ಮೆ ನೋಡಿ, ದನಿ ತಗ್ಗಿಸಿ ಹೇಳಿದರು. ಪರದೆಯಲ್ಲಿ ಗೆಳತಿ ತಲೆ ತಗ್ಗಿಸಿದಳು. ಅಜ್ಜಿ ತಗ್ಗಿಸಲಿಲ್ಲ.

ಜಡ್ಜ್‌ಗಳಲ್ಲಿ ಒಬ್ಬರು ಆ ಊರಿನಲ್ಲೇ ಹುಟ್ಟಿದ ಮುದುಕರು. ಸಿಟ್ಟೇನೂ ಇಲ್ಲದೆ, ನಿಜವಾಗಿ ತಿಳಿಯಬೇಕೆಂಬ ಹಾಗೆ ಕೇಳಿದರು: "ನಮ್ಮ ಊರಿಗೆ ಭವಿಷ್ಯವಿಲ್ಲ ಅಂತ ನಿನಗೆ ಯಾಕನ್ನಿಸಿತು ಮಗು?"

ಮಗಳು ನನ್ನ ಕಡೆ ನೋಡಿದಳು.

ನಾನು ಎದ್ದು ನಿಂತು, ಅದನ್ನು ಬರೆದವನು ನಾನು ಎಂದರೆ ಮುಗಿಯುತ್ತಿತ್ತು. ಅಷ್ಟಕ್ಕೆ ಇಂಗ್ಲಿಷೂ ಹೆಚ್ಚು ಬೇಕಿರಲಿಲ್ಲ. ನಾನು ಫೋನಿನಲ್ಲಿ ಅವಳ ಭಾಷಣ ರೆಕಾರ್ಡ್ ಮಾಡಿಕೊಳ್ಳುತ್ತಿದ್ದೆ. ಕತ್ತು ಬಗ್ಗಿಸಿ ಆ ಫೋನನ್ನೇ ನೋಡುತ್ತ ಕೂತೆ. ಈಗಲೂ ನೆನೆದರೆ ಮೈ ಹಿಡಿಯಾಗುತ್ತದೆ.

"ನಾನು ತಪ್ಪು ಬರೆದೆ. ಕ್ಷಮಿಸಿ," ಎಂದಳು ಮಗಳು. ಪರದೆಯ ಕಡೆ ತಿರುಗಿ, ನಡು ಬಗ್ಗಿಸಿ, ಜಪಾನಿಯಲ್ಲಿ ಅದನ್ನೇ ಮತ್ತೆ ಹೇಳಿದಳು. ಅಜ್ಜಿ ತುಸು ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ ಹೇಳಿದ್ದನ್ನು ದುಭಾಷಿ ನಮಗೆ ತಿಳಿಸಿದರು: "ನಿನಗೆಂದು ಹಾಸಿಗೆ ಬಿಸಿಲಿಗೆ ಹಾಕಿದ್ದೇನೆ. ನೀನು ಬಾ."

ವಾಪಸು ಬರುವಾಗ ಒಂಬತ್ತು ಗಂಟೆಯ ದಾರಿ. ಅವಳು ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ನಾನು ಎರಡು ಸಲ ಗಂಟಲು ಸರಿಮಾಡಿಕೊಂಡೆ, ಅಷ್ಟೇ.

ಹತ್ತು ದಿನದ ಮೇಲೆ ಆಯ್ಕೆಯಾದವರ ಪಟ್ಟಿ ಬಂತು. ಅವಳ ಹೆಸರಿತ್ತು. ನಾನು ಕುಣಿದಾಡುವುದೊಂದು ಬಾಕಿ. ಅವಳು ಹೋಗುವುದಿಲ್ಲ ಎಂದಳು. ಅಮ್ಮ ಕೇಳಿದಾಗ ಹೇಳಿದ್ದು ಇಷ್ಟು: "ಆ ಅಜ್ಜಿ ಬಡಿಸಿದ್ದನ್ನ ನಾನು ಹೇಗೆ ಕೂತು ತಿನ್ನಲಿ?" ಟೀಚರ್ ಫೋನ್ ಮಾಡಿದರು, ಹೆಂಡತಿ ಹೇಳಿ ನೋಡಿದಳು. ಏನೂ ಆಗಲಿಲ್ಲ.

ಆ ವಾರದ ಶನಿವಾರ ಪೆಂಡಲ್ ಹಿಲ್‌ನ ಅಂಗಡಿಯಲ್ಲಿ ಜೋಳದ ಹಿಟ್ಟು ತೆಗೆದುಕೊಳ್ಳುವಾಗ ಉಡುಪಿ ಕಡೆಯ ಪರಿಚಯದವರೊಬ್ಬರು ಸಿಕ್ಕರು. "ಮಗಳು ಜಪಾನಿಗೆ ಹೊರಟಿದ್ದಾಳಂತೆ ಮಾರಾಯ್ರೆ?" ಎಂದು ಕೇಳಿದರು. "ಇಲ್ರೀ, ಎಕ್ಸಾಮ್ ಅದಾವು. ನಾವ ಬ್ಯಾಡ ಅಂದ್ವಿ," ಎಂದೆ. ಸುಳ್ಳು ಎಷ್ಟು ಸಲೀಸಾಗಿ ಬಂತೆಂದರೆ ನನಗೇ ಗಾಬರಿಯಾಯಿತು. ಟ್ರಾಲಿ ಹಿಡಿದು ಪಕ್ಕದಲ್ಲೇ ನಿಂತಿದ್ದ ಮಗಳು ನನ್ನನ್ನು ನೋಡಲಿಲ್ಲ, ಕೊತ್ತಂಬರಿ ಕಟ್ಟುಗಳನ್ನು ನೋಡುತ್ತಿದ್ದಳು.

ಮನೆಗೆ ಬಂದು ಹಿಟ್ಟಿನ ಚೀಲ ಕೆಳಗಿಡುವ ಮೊದಲೇ ಹೇಳಿಬಿಟ್ಟೆ. "ಅಜ್ಜಿಗೆ ನಾ ಒಂದು ಪತ್ರ ಬರೀತೀನವಾ. ಬರದಾಂವ ನಾನ, ನಿಂದೇನೂ ತಪ್ಪಿಲ್ಲ ಅಂತ. ನೀ ಜಪಾನಿಯೊಳಗ ಮಾಡಿಕೊಡು. ಆಮ್ಯಾಲ ನೀ ಹೋಗಬಹುದಲ್ಲ?"

"ಬೇಡ ಅಪ್ಪಾ," ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. "ಅಜ್ಜಿಗೆ ಅವತ್ತೇ ಗೊತ್ತಾಯ್ತಂತೆ. ನಾನು ಹೇಳ್ತಿದ್ದ ಪ್ರತಿ ವಾಕ್ಯಕ್ಕೂ ನಿಮ್ಮ ತುಟಿ ಆಡ್ತಿತ್ತಂತೆ. ಮುಂದಿನ ಸಾಲಲ್ಲಿ ಕೂತಿರೋರು ಯಾರು ಅಂತ ಅಜ್ಜಿ ಕೇಳಿದ್ರಂತೆ. ಅವಳ ಅಪ್ಪ ಅಂತ ನನ್ನ ಫ್ರೆಂಡ್ ಹೇಳಿದಳಂತೆ."

ಹಿಟ್ಟಿನ ಚೀಲವನ್ನು ಮೇಜಿನ ಮೇಲಿಟ್ಟೆ.

"ನಾನು ಸಾರಿ ಹೇಳಿದ ಮೇಲೆ ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ರಲ್ಲ," ಎಂದಳು. "ನೀವು ಏಳ್ತೀರೇನೋ ಅಂತ ಕಾಯ್ತಿದ್ರಂತೆ."