ಲಿಗೋರಿ ಅಂಕಲ್ ಮಾಡಿದ ಕೊಲೆ

ಮಂಗಳೂರಿನಲ್ಲಿ ನಾನು ಬಾಡಿಗೆಗಿರುವ ಮನೆಯ ಯಜಮಾನರು ಒಂದು ಸಂಜೆ ನನ್ನನ್ನು ಕೆಳಗೆ ಕರೆಸಿ, "ನಾನೊಂದು ಹೆಂಗಸನ್ನು ಕೊಂದಿದ್ದೇನೆ, ಬರೆದುಕೊಳ್ಳಿ" ಎಂದರು. ಪಕ್ಕದಲ್ಲಿ ಅಕ್ಕಿ ಆರಿಸುತ್ತಿದ್ದ ಅವರ ಮಗಳು ತಲೆ ಎತ್ತಲಿಲ್ಲ. ಗದಗಿನಲ್ಲಿ ಯಾರಾದರೂ ಹೀಗೆ ಅಂದಿದ್ದರೆ ಓಣಿಗೆ ಓಣಿಯೇ ಬಾಗಿಲಲ್ಲಿ ನೆರೆಯುತ್ತಿತ್ತು. ಇಲ್ಲಿ ಪಕ್ಕದ ಮನೆಯ ಕುಕ್ಕರ್ ಕೂಗಿತು, ಅಷ್ಟೇ.

ನನ್ನನ್ನೇ ಕರೆಸಿದ್ದಕ್ಕೆ ಕಾರಣವಿತ್ತು. ನಾನು ಸರಕಾರಿ ವಕೀಲರ ಕಚೇರಿಯಲ್ಲಿ ಬೆರಳಚ್ಚುಗಾರ್ತಿ. ಕಂಪ್ಯೂಟರ್ ಬಂದರೂ ಹುದ್ದೆಯ ಹೆಸರು ಹಾಗೇ ಉಳಿದಿದೆ. ಗದಗಿನಲ್ಲಿ ಕೊಲೆ, ದರೋಡೆ, ಹೊಲದ ಬಡಿದಾಟಗಳನ್ನು ಟೈಪ್ ಮಾಡಿಕೊಂಡು ಸುಖವಾಗಿದ್ದವಳನ್ನು ಇಲಾಖೆ ಎತ್ತಿ ಇಲ್ಲಿ ಹಾಕಿತು. ಪಂಪ್‌ವೆಲ್‌ನ ಫ್ಲೈಓವರ್ ಕೆಳಗೆ ಬೆಳಿಗ್ಗೆ ಬಸ್ಸಿಳಿದಾಗ ಮೊದಲು ಎದುರಾದದ್ದು ಇಲ್ಲಿಯ ಸೆಕೆ. ನಮ್ಮೂರಿನ ಬಿಸಿಲು ಸುಡುತ್ತದೆ ನಿಜ, ಆದರೆ ನೆರಳಿಗೆ ಹೋದರೆ ಬಿಟ್ಟುಬಿಡುತ್ತದೆ. ಇಲ್ಲಿಯದು ನೆರಳಿಗೂ ಬೆನ್ನು ಹತ್ತಿ ಬರುತ್ತದೆ. ಮೈಗೆ ಅಂಟಿದ ಸೀರೆಯನ್ನು ಬಿಡಿಸಿಕೊಳ್ಳುತ್ತ ನಡೆಯುವುದನ್ನು ನಾನು ಇನ್ನೂ ಸರಿಯಾಗಿ ಕಲಿತಿಲ್ಲ.

ಮನೆ ಹುಡುಕುವಾಗ ಎಲ್ಲರೂ ಕೇಳಿದ್ದು ಒಂದೇ ಪ್ರಶ್ನೆ: "ಒಬ್ಬರೇಯಾ?" ಐವತ್ತರ ಹತ್ತಿರದ ಹೆಂಗಸು ಮದುವೆಯಿಲ್ಲದೆ ಒಬ್ಬಳೇ ಇರುವುದು ಗದಗಿನಲ್ಲೂ ಅಪರಾಧ, ಮಂಗಳೂರಿನಲ್ಲೂ ಅಪರಾಧ. ಕುಲಶೇಖರದ ಜೆಸಿಂತಾ ಬಾಯಿ ಮಾತ್ರ ಬೇರೆಯದನ್ನು ಕೇಳಿದರು. ಅವರು ಕೊಂಕಣಿ ಮಾತಾಡುವ ಕ್ರೈಸ್ತರು, ಟೀಚರಾಗಿ ನಿವೃತ್ತರಾದವರು. "ನಿಮಗೆ ಮೀನಿನ ವಾಸನೆ ಆಗ್ತದಾ? ಆಗುದಿಲ್ಲಾದ್ರೆ ಈಗಲೇ ಹೇಳಿ. ಮತ್ತೆ ನಾವು ಮೀನು ಬಿಡುದಿಲ್ಲ, ನೀವು ಮನೆ ಬಿಡುದಿಲ್ಲ, ಸುಮ್ಮನೆ ಗಲಾಟೆ." ಲಿಂಗಾಯತರ ಮನೆಯಲ್ಲಿ ಹುಟ್ಟಿದ ನಾನು ಆಗುತ್ತದೆ ಎಂದು ಹಸಿ ಸುಳ್ಳು ಹೇಳಿ ಮೇಲಿನ ಎರಡು ಕೋಣೆ ಹಿಡಿದೆ. ಈಗ ಅದು ಸುಳ್ಳಾಗಿ ಉಳಿದಿಲ್ಲ. ಕೆಳಗಿನಿಂದ ಬಂಗುಡೆ ಹುರಿಯುವ ವಾಸನೆ ಬಾರದಿದ್ದರೆ ಯಾರಿಗಾದರೂ ಹುಷಾರಿಲ್ಲವೇನೋ ಎಂದು ಇಳಿದು ಇಣುಕುತ್ತೇನೆ.

ಊಟ ಹೀಗೆ ಹೊಂದಿಕೊಂಡಿತು, ಮಾತು ಹೊಂದಲಿಲ್ಲ. ನಾನು ಜೋಳದ ರೊಟ್ಟಿ ಬಡಿಯುವಾಗ ಮೇಲೆ ಏನೋ ರಿಪೇರಿ ನಡೆದಿದೆ ಎಂದು ಜೆಸಿಂತಾ ಓಡಿಬಂದಿದ್ದರು. ಅದಕ್ಕೆ ಇಬ್ಬರೂ ನಕ್ಕೆವು. ಆದರೆ ಇಲ್ಲಿ ಮನೆಯೊಳಗೆ ಕೊಂಕಣಿ, ಅಂಗಡಿಯಲ್ಲಿ ತುಳು, ಕನ್ನಡ ನನಗೆ ಮಾತ್ರ. ನಾನು ಹೋದೊಡನೆ ಎಲ್ಲರೂ ಮಾತು ಬದಲಿಸಿ ಶುದ್ಧವಾಗಿ, ಪುಸ್ತಕ ಓದಿದಂತೆ ಮಾತಾಡುತ್ತಾರೆ. ಅದು ಮರ್ಯಾದೆಯೇ. ಆದರೂ ನಾನು ಎದ್ದುಬಂದ ಮೇಲೆ ಒಳಗೆ ಮತ್ತೆ ನಗು ಎದ್ದಾಗ ಮೆಟ್ಟಿಲ ಮೇಲೆ ನಿಂತು ಕಿವಿಗೊಡುತ್ತಿದ್ದೆ, ಒಂದು ಮಾತೂ ಅರ್ಥವಾಗುತ್ತಿರಲಿಲ್ಲ. ಬೈಯುವುದಕ್ಕಾದರೂ ನನ್ನ ಮಾತಿನವರೊಬ್ಬರು ಬೇಕು ಅನಿಸುತ್ತಿತ್ತು.

ಆಗ ಕಣ್ಣಿಗೆ ಬಿದ್ದದ್ದು ಕೆಳಗಿನ ಹಾಲ್‌ನ ಒಂದು ಫೋಟೋ. ಅದರ ಬಗ್ಗೆ ಹೇಳುವ ಮೊದಲು ನನ್ನ ಅಪ್ಪನ ಬಗ್ಗೆ ಹೇಳಬೇಕು. ಅಪ್ಪ ಗದಗಿನ ಒಂದು ಮುದ್ರಣಾಲಯದಲ್ಲಿ ಅಚ್ಚಿನ ಮೊಳೆ ಜೋಡಿಸುತ್ತಿದ್ದ. ರವಿವಾರ ಬೆಳಗಿನ ಆಟಕ್ಕೆ ಅಗ್ಗದ ದರದಲ್ಲಿ ಹಳೆಯ ಮುಂಬಯಿ ಚಿತ್ರಗಳು ಬರುತ್ತಿದ್ದವು: ಕಪ್ಪು ಬಿಳುಪಿನ ಕೊಲೆ, ಕಳ್ಳಸಾಗಣೆ, ಮಂಜು ಮುಸುಕಿದ ಬಂದರು, ಸಿಗರೇಟಿನ ಹೊಗೆ. ನನ್ನ ಕೈ ಹಿಡಿದು ಕರೆದೊಯ್ಯುತ್ತಿದ್ದ. "ಹೀರೋನ್ನ ಎಲ್ಲಾರೂ ನೋಡ್ತಾರ. ನೀ ಹಿಂದ ನಿಂತಾವ್ರನ್ನ ನೋಡು" ಅನ್ನುತ್ತಿದ್ದ. ಒಂದು ದೃಶ್ಯವಂತೂ ಅವನಿಗೆ ಪ್ರಾಣ. ಹಡಗುಕಟ್ಟೆಯ ಗೋದಾಮಿನಲ್ಲಿ ಖಳನಾಯಕನ ಬಲಗೈ ಬಂಟನೊಬ್ಬ, ಟೋಪಿ ಹಾಕಿದವನು, ಹೋಟೆಲಿನಲ್ಲಿ ಕುಣಿಯುವ ಹೆಣ್ಣೊಬ್ಬಳನ್ನು ಅವಳದೇ ಸ್ಕಾರ್ಫಿನಿಂದ ಕತ್ತು ಬಿಗಿದು ಕೊಲ್ಲುತ್ತಾನೆ. ಅವಳು ಕಿರುಚುವುದಿಲ್ಲ. ಅವನ ಮಣಿಕಟ್ಟನ್ನು ಮೆಲ್ಲಗೆ ಎರಡು ಸಲ ತಟ್ಟುತ್ತಾಳೆ, ಮಗುವನ್ನು ಸಮಾಧಾನ ಮಾಡುವಂತೆ. ಆಮೇಲೆ ಕೈ ಜಾರುತ್ತದೆ. ಅಪ್ಪ ಊಟಕ್ಕೆ ಕೂತಾಗ ನನ್ನ ಮಣಿಕಟ್ಟು ತಟ್ಟಿ, ನಾಲಗೆ ಚಾಚಿ ಒರಗಿಬಿಡುತ್ತಿದ್ದ. "ನಟನಾ ಅಂದ್ರ ಇದು ನೋಡು!" ಅವ್ವ ಬೈದಷ್ಟೂ ನಾವು ನಗುತ್ತಿದ್ದೆವು.

ಜೆಸಿಂತಾ ಬಾಯಿಯ ಹಾಲ್‌ನಲ್ಲಿದ್ದ ಫೋಟೋ ಆ ಟೋಪಿಯವನದು. ಈ ಊರಿನಲ್ಲಿ ನನಗೆ ಮೊದಲೇ ಗೊತ್ತಿದ್ದ ಮುಖ ಅದೊಂದೇ. ನಾನು ಕೂಗಿಕೊಂಡ ರಭಸಕ್ಕೆ ಕುರ್ಚಿಯಲ್ಲಿ ತೂಕಡಿಸುತ್ತಿದ್ದ ಮುದುಕರು ಎಚ್ಚರಾದರು. ತೊಂಬತ್ತರ ಅಂಚಿನ ಲಿಗೋರಿ ಅಂಕಲ್, ಜೆಸಿಂತಾ ಅವರ ತಂದೆ. "ಎಂತ? ಗದಗದಲ್ಲಿ ನೋಡಿದ್ದಾ? ಗದಗದಲ್ಲಿ ನನ್ನ ಗುರ್ತ ಉಂಟಾ ಮಾರಾಯ್ರೆ?" ಎಂದು ಮತ್ತೆ ಮತ್ತೆ ಕೇಳಿದರು. ಕಣ್ಣು ತುಂಬಿಕೊಂಡಿತ್ತು. ಬೆಳ್ಳಿತೆರೆಯಲ್ಲಿ ಅವರ ಹೆಸರು ಒಂದು ಸಲವೂ ಬಂದಿರಲಿಲ್ಲವಂತೆ.

ಅಲ್ಲಿಂದ ಸಂಜೆಗಳು ಸಿಕ್ಕವು. ಕಚೇರಿಯಿಂದ ಬಂದು ಮುಖ ತೊಳೆದು ಕೆಳಗಿಳಿದರೆ ಮುಂಬಯಿಯ ಸ್ಟುಡಿಯೋ ತೆರೆಯುತ್ತಿತ್ತು. "ಬಾಸ್‌ನ ಹಿಂದೆ ನಿಲ್ಲಿಕ್ಕೆ ಕಿರಿಸ್ತಾನ ಗೂಂಡಾ ಬೇಕಾದ್ರೆ ನಮ್ಮನ್ನೇ ಕರೀತಿದ್ರು. ಹೆಸರು ಸಹ ಬದಲ್ಸುವ ಕೆಲಸ ಇಲ್ಲ" ಎಂದು ಅಂಕಲ್ ನಗುತ್ತಿದ್ದರು. ಮಳೆ ಬರಿಸುತ್ತಿದ್ದದ್ದು ತೋಟದ ಪೈಪಿನಿಂದ, ಜೈಲಿನ ಸರಳಿನ ನೆರಳು ಬೀಳಿಸುತ್ತಿದ್ದದ್ದು ಹಲಗೆಯ ಚೌಕಟ್ಟಿನಿಂದ. ನಾನು ನನ್ನ ಕಡತಗಳ ಕೊಲೆ ಹೇಳುತ್ತಿದ್ದೆ: ನೆರಳಿಲ್ಲ, ಸಂಗೀತವಿಲ್ಲ, ಉರಿಯುವ ಟ್ಯೂಬ್‌ಲೈಟು, ಕುಡಿದ ಗಂಡ, ಕೈಗೆ ಸಿಕ್ಕ ಒನಕೆ. "ಛೆ, ಅದನ್ನು ಯಾರು ನೋಡ್ತಾರೆ?" ಅನ್ನುತ್ತಿದ್ದರು ಅಂಕಲ್.

ಇಲ್ಲಿಯ ಕ್ರೈಸ್ತರ ಮನೆಗಳಲ್ಲಿ ಸಂಜೆ ತೇರ್ಸ್, ಅಂದರೆ ಜಪಮಾಲೆಯ ಪ್ರಾರ್ಥನೆ, ಇರುತ್ತದೆ. ಅದು ಮುಗಿದ ಮೇಲೆ ಕಿರಿಯರು ಹಿರಿಯರ ಮುಂದೆ ಕೈ ಮುಗಿದು ಬೆಸಾಂವ್, ಅಂದರೆ ಆಶೀರ್ವಾದ, ಕೇಳುತ್ತಾರೆ. ನಿವೃತ್ತ ಟೀಚರ್ ಜೆಸಿಂತಾ ದಿನಾ ಮಗುವಿನಂತೆ ತಲೆಬಾಗಿ ನಿಲ್ಲುವುದನ್ನು ನಾನು ಹಿಂದೆ ಕೂತು ನೋಡುತ್ತಿದ್ದೆ. ನಮ್ಮಲ್ಲಿ ಹಬ್ಬ ಹುಣ್ಣಿಮೆಗೆ ಕಾಲಿಗೆ ಬೀಳುವುದುಂಟು. ಹೀಗೆ ದಿನದಿನವೂ ಕೇಳಿ ಪಡೆಯುವುದು ನನಗೆ ಹೊಸದು. ಒಂದು ಸಂಜೆ ಅಂಕಲ್ ನನ್ನನ್ನೂ ಕರೆದು ತಲೆಯ ಮೇಲೆ ಕೈಯಿಟ್ಟರು. ಮೇಲೆ ಹೋಗಿ ಬಾಗಿಲು ಹಾಕಿಕೊಂಡು ಅತ್ತೆ. ಅಪ್ಪ ಹೋದ ಮೇಲೆ ನನ್ನ ತಲೆಯ ಮೇಲೆ ಯಾರೂ ಕೈಯಿಟ್ಟಿರಲಿಲ್ಲ.

ಅಂಕಲ್‌ಗೆ ಮರೆವು ಹತ್ತಿದ್ದು ಆಮೇಲೆ. ಮೊದಲು ಊಟ ಮಾಡಿದ್ದು ಮರೆತರು, ಆಮೇಲೆ ತೀರಿಹೋದ ಹೆಂಡತಿಯನ್ನು ಹುಡುಕಿದರು. ಒಂದು ದಿನ ಬೆಸಾಂವ್ ಕೇಳಿದ ಮಗಳ ಮುಂದೆ ಬಲಗೈಯನ್ನು ಕಂಕುಳಲ್ಲಿ ಅಡಗಿಸಿಕೊಂಡರು. "ಈ ಕೈ ಬೇಡ. ಇದು ಕೊಂದ ಕೈ." ಮರುದಿನವೇ ನನ್ನನ್ನು ಕರೆಸಿ, ಬರೆದುಕೊಳ್ಳಿ, ಪೊಲೀಸರಿಗೆ ಕೊಡಿ ಎಂದದ್ದು. ಜೆಸಿಂತಾ ಹೇಳಿ ಸೋತರು. "ಅದು ಪಿಕ್ಚರ್ ಪಪ್ಪಾ. ನೀವು ಆಕ್ಟ್ ಮಾಡಿದ್ದು." ಮುದುಕರು ತಲೆಯಾಡಿಸುತ್ತಿದ್ದರು, ಕೈ ಮಾತ್ರ ಹೊರಗೆ ಬರುತ್ತಿರಲಿಲ್ಲ. ಮಗಳು ದಿನಾ ಕೇಳುತ್ತಿದ್ದರು, ತಂದೆ ದಿನಾ ಇಲ್ಲ ಅನ್ನುತ್ತಿದ್ದರು. "ನನ್ನನ್ನು ಬೆಸಾಂವ್ ಇಲ್ಲದೆ ಬಿಟ್ಟುಹೋಗ್ತಾರೆ ಗಿರಿಜಾ" ಎಂದು ಜೆಸಿಂತಾ ಅಡುಗೆಮನೆಯಲ್ಲಿ ನನ್ನ ಹೆಗಲಿಗೆ ಒರಗಿ ಬಿಕ್ಕಿದರು.

ಕುಮ್ಸಾರ್ ಮಾಡಿಸಿದರೆ, ಅಂದರೆ ಪಾದ್ರಿಗಳ ಬಳಿ ಪಾಪ ಹೇಳಿಕೊಂಡರೆ, ಸಮಾಧಾನವಾದೀತು ಎಂದು ಜೆಸಿಂತಾ ಫಾದರ್ ಅವರನ್ನು ಕರೆಸಿದರು. ಅವರು ಕಿರಿಯ ವಯಸ್ಸಿನವರು, ಒಳ್ಳೆಯವರು. ವಿಷಯ ತಿಳಿದು ಹಿಂಜರಿದರು. "ಮಾಡದ ಪಾಪಕ್ಕೆ ಕ್ಷಮೆ ಕೊಡುದು ಹೇಗೆ ಬಾಯಿ? ಅದು ನಾಟಕ ಆಗ್ತದೆ."

ಆಗ ಉಪಾಯ ಹೇಳಿದವಳು ನಾನು. ಕಚೇರಿಯ ಬುದ್ಧಿ ಎಲ್ಲಿ ಹೋಗುತ್ತದೆ? ಸಾಕ್ಷ್ಯ ತೋರಿಸಿದರೆ ಆರೋಪಿ ಬಿಡುಗಡೆಯಾಗುತ್ತಾನೆ. ಆ ಚಿತ್ರ ಇಂಟರ್ನೆಟ್ಟಿನಲ್ಲಿ ಇತ್ತು. ಹೀರೋ, ಹಾಡು, ಹಿನ್ನೆಲೆ ಸಂಗೀತ ಎಲ್ಲವನ್ನೂ ಮತ್ತೆ ಕಂಡು ಕೇಳಿದರೆ ಅದು ಸಿನಿಮಾ ಎಂದು ಒಪ್ಪುತ್ತಾರೆ ಅಂದೆ. ತೇರ್ಸ್ ಮುಗಿದ ಮೇಲೆ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟು ಮೂವರೂ ಕೂತೆವು. ಅಂಕಲ್ ಶಾಂತವಾಗಿ ನೋಡಿದರು. ಹೀರೋ ಬಂದಾಗ ಅವನ ಕುಡಿತದ ಬಗ್ಗೆ ಒಂದು ಚಾಡಿಯನ್ನೂ ಹೇಳಿದರು. ಜೆಸಿಂತಾ ನನ್ನ ಕಡೆ ನೋಡಿ ಉಸಿರುಬಿಟ್ಟರು.

ಗೋದಾಮಿನ ದೃಶ್ಯ ಬಂತು. ಸ್ಕಾರ್ಫ್ ಬಿಗಿಯಿತು, ಅವಳ ಕೈ ಮೇಲೆದ್ದು ಮಣಿಕಟ್ಟನ್ನು ತಟ್ಟಿತು. ನನ್ನ ತುಟಿಯಲ್ಲಿ ಅಪ್ಪನ ನೆನಪಿಗೆ ನಗು ಬಂದಿತ್ತು.

"ಇಲ್ಲಿ ನಿಲ್ಸಿ" ಎಂದರು ಅಂಕಲ್. ದನಿ ಸ್ಪಷ್ಟವಾಗಿತ್ತು, ಮರೆವಿನವರ ದನಿಯಂತಿರಲಿಲ್ಲ. "ನೋಡಿ. ಎರಡು ಸಲ ತಟ್ಟಿದ್ಳು. ಅದು ಆಕ್ಟಿಂಗ್ ಅಲ್ಲ. ನೋವಾದ್ರೆ ತಟ್ಲಿಕ್ಕೆ ಫೈಟ್ ಮಾಸ್ಟರ್ ಹೇಳಿಕೊಟ್ಟಿದ್ರು. ತಟ್ಟಿದ್ರೆ ನಾನು ಬಿಡ್ಬೇಕು. ಡೈರೆಕ್ಟರ್ 'ಇನ್ನೂ ಬಿಗಿ, ಇನ್ನೂ ಬಿಗಿ' ಅಂತ ಬೊಬ್ಬೆ ಹಾಕಿದ್ರು. ನಾನು ಅವರ ಮಾತು ಕೇಳಿದೆ, ಇವಳದ್ದು ಕೇಳ್ಲಿಲ್ಲ."

ಜೆಸಿಂತಾ ಕೇಳಿದರು, "ಮತ್ತೆ? ಅವಳಿಗೆ ಎಂತ ಆಯ್ತು ಪಪ್ಪಾ?"

"ಎತ್ತಿಕೊಂಡು ಹೋದ್ರು. ಮತ್ತೆ ಸೆಟ್ಟಿಗೆ ಬರ್ಲಿಲ್ಲ. ಉಳಿದ ಶಾಟಿಗೆ ಬೇರೆ ಹುಡುಗಿಯ ಬೆನ್ನು ತೋರಿಸಿದ್ರು. ಸತ್ತಳಾ, ಬದುಕಿದಳಾ, ನಾನು ಕೇಳ್ಲಿಲ್ಲ. ಕೇಳಿದ್ರೆ ನಾಳೆ ಕೆಲಸಕ್ಕೆ ಕರೀತಿರ್ಲಿಲ್ಲ."

ಪರದೆಯ ಮೇಲೆ ಅವಳ ಕೈ ಹಾಗೇ ನಿಂತಿತ್ತು. ನನ್ನ ಅಪ್ಪ ಚಪ್ಪಾಳೆ ತಟ್ಟಿದ್ದು, ನಾನು ಅನ್ನದ ತಟ್ಟೆಯ ಮುಂದೆ ನಕ್ಕದ್ದು ಆ ಹೆಂಗಸು ಬಿಡಿ ಬಿಡಿ ಎಂದು ಬೇಡಿಕೊಂಡದ್ದಕ್ಕೆ. ಗದಗಿನ ಟಾಕೀಸು ತುಂಬ ಜನ ನೋಡಿದ್ದೆವು. ಇಷ್ಟು ಜನ ಸಾಕ್ಷಿಗಳಿದ್ದ ಪ್ರಕರಣವನ್ನು ನಾನು ಎಂದೂ ಟೈಪ್ ಮಾಡಿಲ್ಲ. ಆಮೇಲೆ ಅವಳ ಹೆಸರನ್ನಾದರೂ ಹುಡುಕೋಣ ಎಂದು ಚಿತ್ರದ ಆರಂಭವನ್ನು ನೋಡಿದೆ. ಅಲ್ಲಿ ಅವಳ ಹೆಸರೂ ಇರಲಿಲ್ಲ.

ಫಾದರ್ ಮತ್ತೆ ಬಂದರು. ಈ ಸಲ ನಾಟಕದ ಮಾತೆತ್ತಲಿಲ್ಲ. ಕೋಣೆಯ ಬಾಗಿಲು ಹಾಕಿ ಕುಮ್ಸಾರ್ ಕೇಳಿದರು, ಹೊರಬಂದು ಯಾರ ಮುಖವನ್ನೂ ನೋಡದೆ ಹೋದರು. ಆ ಸಂಜೆ ಜೆಸಿಂತಾ ಆಸೆಯಿಂದ ಕೈ ಮುಗಿದು ನಿಂತರು. "ಫಾದರ್ ಕ್ಷಮೆ ಕೊಟ್ರು ಮಗಾ" ಎಂದರು ಅಂಕಲ್. "ಕೊಡ್ಬೇಕಾದವಳು ಬೇರೆ." ಕೈ ಕಂಕುಳಲ್ಲೇ ಇತ್ತು.

ಅವರು ಹಾಗೆಯೇ ತೀರಿಕೊಂಡರು. ಆಸ್ಪತ್ರೆಯಿಂದ ದೇಹ ಮನೆಗೆ ಬಂತು. ಕೋಟು ತೊಡಿಸಿ, ಕೈ ಜೋಡಿಸಿ ಜಪಮಾಲೆ ಸುತ್ತುವ ಮೊದಲು ಜೆಸಿಂತಾ ಎಲ್ಲರನ್ನೂ ಹೊರಗೆ ಕಳಿಸಿದರು, ನನ್ನೊಬ್ಬಳನ್ನು ಬಿಟ್ಟು. ಮಂಚದ ಪಕ್ಕ ಮೊಣಕಾಲೂರಿ, ತಂದೆಯ ಬಲಗೈಯನ್ನು ಎತ್ತಿ ತಮ್ಮ ತಲೆಯ ಮೇಲೆ ಇಟ್ಟುಕೊಂಡರು. ಕೈ ಸೆಟೆಯತೊಡಗಿತ್ತು, ಒತ್ತಿ ಹಿಡಿಯಬೇಕಾಯಿತು. "ಇನ್ನು ಇಲ್ಲ ಅನ್ಲಿಕ್ಕೆ ಆಗುದಿಲ್ಲ ನಿಮಗೆ" ಎಂದು ಕೊಂಕಣಿಯಲ್ಲಿ ಹೇಳಿದ್ದು, ಇಷ್ಟು ದಿನ ಕೇಳಿ ಕೇಳಿ, ನನಗೆ ಅರ್ಥವಾಯಿತು. ಆಮೇಲೆ ನನ್ನ ಕಡೆ ತಿರುಗಿ, ಅದೇ ಮಾತಿನಲ್ಲಿ, ಮೊದಲ ಸಲ ಕನ್ನಡಕ್ಕೆ ಬದಲಿಸದೆ, ನೀನೂ ಬಾ ಎಂದರು.

ಈ ಊರಿನಲ್ಲಿ ನಾನು ಕಾಯುತ್ತಿದ್ದದ್ದು ಆ ಒಂದು ಮಾತಿಗೆ. ತಲೆಬಾಗಿದ್ದರೆ ಆ ಮನೆಯವಳಾಗುತ್ತಿದ್ದೆ. ಆದರೆ ಆ ಹೆಂಗಸು ಎರಡು ಸಲ ತಟ್ಟಿದ ಮಣಿಕಟ್ಟನ್ನು ನೋಡಿ ಅಲ್ಲೇ ನಿಂತೆ. ಅವಳ ಪರವಾಗಿ ಅಲ್ಲಿ ನಿಂತವರು ಬೇರೆ ಯಾರೂ ಇರಲಿಲ್ಲ. ಬೇಡ ಎಂದು ತಲೆಯಾಡಿಸಿದೆ. ಜೆಸಿಂತಾ ಎದ್ದರು. ತಂದೆಯ ಕೈಯನ್ನು ಎದೆಯ ಮೇಲಿಟ್ಟು, "ಸರಿ, ನೀವು ಹೊರಗೆ ಕೂತ್ಕೊಳ್ಳಿ" ಎಂದು ಕನ್ನಡದಲ್ಲಿ ಹೇಳಿದರು.

ಮುಂದೆ ಅಪ್ಪನ ಪುಣ್ಯತಿಥಿಗೆ ರಜೆ ಹಾಕಿ ಗದಗಿಗೆ ಹೋದೆ. ಅವ್ವ ಅಣ್ಣನ ಮನೆಯಲ್ಲಿದ್ದಾಳೆ. ಅಪ್ಪನ ನೆನಪಿಗೆಂದು ಅಣ್ಣ ಟಿವಿಯಲ್ಲಿ ಅದೇ ಚಿತ್ರ ಹಾಕಿದ. ಗೋದಾಮಿನ ದೃಶ್ಯ ಬಂದಾಗ ಎಲ್ಲರೂ ಅಪ್ಪನಂತೆ ಒಬ್ಬರ ಮಣಿಕಟ್ಟು ಒಬ್ಬರು ತಟ್ಟಿ ನಕ್ಕರು. ಆ ಹೆಂಗಸು ನಿಜವಾಗಿಯೇ ಉಸಿರುಗಟ್ಟಿ ಒದ್ದಾಡುತ್ತಿದ್ದಳು ಎಂದೆ. ಅಣ್ಣ ಟಿವಿ ಆರಿಸಿದ. ಅವ್ವ ನನ್ನ ಕಡೆ ತಿರುಗಿದಳು. "ಅಷ್ಟ್ ದೂರ ಹೋಗಿ ಇದನ್ನ ಕಲ್ತ್ ಬಂದ್ಯೇನವಾ? ಸತ್ತಾಂವನ ಖುಷೀನೂ ಕಸಗೋಬೇಕಾ?" ನಾನು ಒಂದು ದಿನ ಮೊದಲೇ ಬಸ್ಸು ಹತ್ತಿದೆ.

ಜೆಸಿಂತಾ ಕೆಟ್ಟವರಲ್ಲ. ಈಗಲೂ ನನಗೆಂದು ಮೀನು ಮುಟ್ಟದ ಪಾತ್ರೆಯಲ್ಲಿ ಬಸಳೆ ಬೇಯಿಸಿ ಮೇಲೆ ಕಳಿಸುತ್ತಾರೆ. ತೇರ್ಸ್‌ಗೆ ಮಾತ್ರ ಕರೆಯುವುದಿಲ್ಲ. ಆ ಹೊತ್ತಿಗೆ ನಾನು ಮೆಟ್ಟಿಲ ಕಡೆಯ ಬಾಗಿಲು ತೆರೆದಿಟ್ಟುಕೊಂಡು ಕೂರುತ್ತೇನೆ. ಸತ್ತವರಿಗಾಗಿ ಬೇಡುವಾಗ ಜೆಸಿಂತಾ ತಂದೆಯ ಹೆಸರು ಹೇಳುತ್ತಾರೆ. ಆಮೇಲೆ ಇನ್ನೊಂದು ಹೆಸರು ಹೇಳಬೇಕು ಎಂಬಂತೆ ನಿಲ್ಲುತ್ತಾರೆ, ಹೆಸರು ಇಲ್ಲದೆ ಮುಂದಕ್ಕೆ ಹೋಗುತ್ತಾರೆ. ನನ್ನನ್ನು ಕರೆಯಲಿ ಎಂದು ದಿನಾ ಕಾಯುತ್ತೇನೆ. ಕರೆದರೆ ಇಳಿದು ಹೋಗುತ್ತೇನೋ ಇಲ್ಲವೋ, ನನಗೆ ಗೊತ್ತಿಲ್ಲ.